ಲೇಖನಿ ಹಿಡಿದ ಕೈಗೆ ಕ್ಯಾಮೆರಾ

ಕನ್ನಡ ಚಲನಚಿತ್ರಕ್ಕೆ ಮಾತು ಬರುವುದಕ್ಕೆ ಮೊದಲೇ, ಅಂದರೆ ೧೯೩೦ರ ಆಸುಪಾಸಿನಲ್ಲಿ, ಡಾ. ಶಿವರಾಮ ಕಾರಂತರು ‘ಡೊಮಿಂಗೋ’ ಮತ್ತು ‘ಭೂತರಾಜ್ಯ’ ಎಂಬ ಎರಡು ಮೂಕಿಚಿತ್ರಗಳನ್ನು ತಯಾರಿಸಿದ್ದರು ಎಂಬ ಸಂಗತಿ ನಮ್ಮ ಓದುಗ ಬಂಧುಗಳಲ್ಲಿ ಅನೇಕರಿಗೆ ಹೊಸದಾಗಿ ಕಾಣಬಹುದು. ಕೋಟದಲ್ಲಿ ಹುಟ್ಟಿದ ಕಾರಂತರು ತಮ್ಮ ಬಾಳಿನ ದೀರ್ಘಕಾಲವನ್ನು ಕಳೆದದ್ದು ಪುತ್ತೂರಿನ ಬಾಲವನದಲ್ಲಿ. ಅವರ ‘ಚೋಮನ ದುಡಿ’ಯನ್ನು ಬಿ. ವಿ. ಕಾರಂತರು ೧೯೭೫ರಲ್ಲಿ ತೆರೆಗೆ ತಂದಾಗ ಆ ಚಿತ್ರಕ್ಕೆ ರಾಷ್ಟ್ರಮಟ್ಟದ ಸ್ವರ್ಣಕಮಲ ಸಂದಿತು. ೧೯೭೮ರಲ್ಲಿ, ಎಪ್ಪತ್ತೈದರ ವಯಸ್ಸಿನಲ್ಲಿ, ಕಾರಂತರೇ ತಮ್ಮ ‘ಕುಡಿಯರ ಕೂಸು’ ಕಾದಂಬರಿಯನ್ನು ‘ಮಲೆಯ ಮಕ್ಕಳು’ ಎಂಬ ಹೆಸರಿನಲ್ಲಿ ಚಿತ್ರವಾಗಿಸಿದರು. ಕಾಡಿನ ಮಕ್ಕಳ ಬದುಕನ್ನು ಚಿತ್ರಿಸಬೇಕೆಂಬ ಹಂಬಲ ಇದ್ದರೂ ಅಂದು ಅದಕ್ಕೆ ಬೇಕಾದ ಸಾಧನಗಳೆಷ್ಟು! ಕ್ಯಾಮೆರಾ, ಸುರುಳಿ ಸುರುಳಿಯಾಗಿ ಫಿಲ್ಮು, ಅದನ್ನು ತೊಳೆದು ಮೂಡಿಸುವ ಪ್ರಯೋಗಾಲಯ, ಹಣ ಹೂಡುವ ಧನಿಕ, ಹಂಚಿಕೆದಾರ, ಕೊನೆಗೆ ಟೆಂಟೋ ಮಂದಿರವೋ. ಇವುಗಳಲ್ಲಿ ಒಂದು ತಪ್ಪಿದರೂ ಮನಸ್ಸಿನ ಚಿತ್ರ ಮನಸ್ಸಿನಲ್ಲಿಯೇ ಉಳಿಯುತ್ತಿತ್ತು.

ಇಂದು ಅದೇ ಮಲೆಯ ಮಗನೊಬ್ಬನ ಅಂಗಿಯ ಜೇಬಿನಲ್ಲಿ ಕ್ಯಾಮೆರಾ ಇದೆ, ಪ್ರಯೋಗಾಲಯ ಇದೆ, ಹಂಚಿಕೆದಾರನಿದ್ದಾನೆ, ಮಂದಿರವೂ ಇದೆ. ಧನಿಕನೊಬ್ಬನಿಲ್ಲ, ಅವನ ಸ್ಥಾನದಲ್ಲಿ ಕಣ್ಣಿಗೆ ಕಾಣದ ಒಂದು ಲೆಕ್ಕಾಚಾರವಿದೆ. ಈ ಲೆಕ್ಕಾಚಾರದ ವಿಚಾರವನ್ನೇ ಈ ಸಲ ಕೊಂಚ ವಿಸ್ತಾರವಾಗಿ ಹೇಳಬೇಕಾಗಿದೆ.

ಬಯಲುಸೀಮೆಯ ನಮ್ಮ ಓದುಗರಿಗಾಗಿ ಈ ಸೀಮೆಯ ಪರಿಚಯ ಎರಡು ಮಾತಿನಲ್ಲಿ: ಪುತ್ತೂರು, ಸುಳ್ಯ, ಕಡಬ ಎಂಬ ಈ ಮೂರು ತಾಲೂಕುಗಳು ಪಶ್ಚಿಮಘಟ್ಟದ ಮಡಿಲಿನಲ್ಲಿವೆ. ಕಡಬವು ೨೦೧೮ರಲ್ಲಿ ಪುತ್ತೂರು ಹಾಗೂ ಸುಳ್ಯದ ಗ್ರಾಮಗಳನ್ನು ಬಿಡಿಸಿ ಮಾಡಿದ ಹೊಸ ತಾಲೂಕು. ಕುಕ್ಕೆ ಸುಬ್ರಹ್ಮಣ್ಯ ಈಗ ಅದರ ವ್ಯಾಪ್ತಿಗೆ ಸೇರಿದೆ. ಹಾಲೇರಿ ಅರಸರ ಕಾಲದಲ್ಲಿ ಅಮರ ಸುಳ್ಯ, ಪುತ್ತೂರು ಮಾಗಣೆಗಳು ಕೊಡಗಿನ ಭಾಗವಾಗಿದ್ದವು. ೧೮೩೪ರಲ್ಲಿ ಆಂಗ್ಲರು ಅವನ್ನು ಕೆನರಾ ಜಿಲ್ಲೆಗೆ ಸೇರಿಸಿದರು, ೧೮೩೭ರಲ್ಲಿ ರೈತರ ದಂಗೆ ಇಲ್ಲಿಂದಲೇ ಎದ್ದು ಮಂಗಳೂರಿನ ತನಕ ಹೋಯಿತು. ಮನೆಯಂಗಳದಲ್ಲಿ ತುಳು, ಅರೆಭಾಷೆ, ಹವ್ಯಕ ಕನ್ನಡ, ಬ್ಯಾರಿ, ಮಲಯಾಳ. ಶಾಲೆಯಲ್ಲಿ, ಕಚೇರಿಯಲ್ಲಿ, ಪತ್ರಿಕೆಯಲ್ಲಿ ಕನ್ನಡ. ಅಡಿಕೆಯೇ ಇಲ್ಲಿನ ಅನ್ನ.

ಈ ನೆಲದಲ್ಲಿ ಒಂದು ವಿಶೇಷ ಪ್ರಯೋಗ ಹಿಂದೆಯೂ ನಡೆದಿತ್ತು. ೧೯೮೮ರಲ್ಲಿ ಪುತ್ತೂರಿನಿಂದ ‘ಅಡಿಕೆ ಪತ್ರಿಕೆ’ ಎಂಬ ಮಾಸಿಕ ಹೊರಟಾಗ ಅದರ ಹಿಂದಿದ್ದವರು ಕೃಷಿಕರೇ. ಕೃಷಿಕರ ಕೈಗೆ ಲೇಖನಿ ಎಂಬುದು ಅವರ ಸಂಕಲ್ಪ. ತೋಟದಲ್ಲಿ ದುಡಿಯುವವನೇ ತನ್ನ ಅನುಭವವನ್ನು ಬರೆಯಬೇಕು, ಪಂಡಿತರ ಮಾತನ್ನು ಕೇಳಿಕೊಂಡು ಸುಮ್ಮನಿರುವುದಲ್ಲ ಎಂಬ ಆ ವಿಚಾರ ಎಷ್ಟು ದೊಡ್ಡದು! ಆದರೆ ಅಲ್ಲಿ ಲೇಖನಿಯನ್ನು ಕೊಟ್ಟು ಕೈತೊಳೆದುಕೊಳ್ಳಲಿಲ್ಲ. ಬರೆಯುವ ಬಗೆಯನ್ನು ಶಿಬಿರಗಳಲ್ಲಿ ಕಲಿಸಿದರು, ಬಂದ ಬರಹವನ್ನು ತಿದ್ದುವ ಸಂಪಾದಕನೊಬ್ಬ ಇದ್ದ. ಈಗ ಅದೇ ಕೃಷಿಕರ ಕೈಗೆ ಕ್ಯಾಮೆರಾ ಬಂದಿದೆ. ಶಿಬಿರವಿಲ್ಲ, ಸಂಪಾದಕನಿಲ್ಲ.

ಇದರಿಂದ ಕೇಡೇ ಆಗಿದೆಯೆಂದು ಹೇಳುವವರ ಸಾಲಿನಲ್ಲಿ ನಾವು ನಿಲ್ಲಲಾರೆವು. ಅಡಿಕೆಯ ಕೊಳೆರೋಗಕ್ಕೆ ಮದ್ದು ಬಿಡುವ ಕೆಲಸವನ್ನೇ ನೋಡಿರಿ. ಮರವೇರಿ ಮದ್ದು ಬಿಡುವವರು ವಿರಳವಾದಾಗ, ನೆಲದ ಮೇಲೆ ನಿಂತೇ ಮದ್ದು ಬಿಡುವ, ಗೊನೆ ಕೊಯ್ಯುವ ಕಾರ್ಬನ್ ಫೈಬರ್ ದೋಟಿ ಬಂದಿತು. ಅಷ್ಟೆತ್ತರದ ದೋಟಿಯನ್ನು ಎತ್ತುವುದು ಹೇಗೆ, ಗಾಳಿಯಲ್ಲಿ ಅದು ಓಲಾಡಿದಾಗ ಹಿಡಿತ ಹೇಗಿರಬೇಕು, ವಿದ್ಯುತ್ ತಂತಿಯಿಂದ ಎಷ್ಟು ದೂರವಿರಬೇಕು ಎಂಬುದನ್ನು ಹತ್ತು ಪುಟ ಬರೆದು ತಿಳಿಸುವುದಕ್ಕಿಂತ ಹತ್ತು ನಿಮಿಷದ ಚಿತ್ರ ಚೆನ್ನಾಗಿ ತಿಳಿಸಬಲ್ಲದು. ಬೋರ್ಡೋ ದ್ರಾವಣ ಮಾಡುವ ಕ್ರಮವೂ ಹಾಗೆಯೇ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಎರಡನ್ನೂ ಬೇರೆ ಬೇರೆ ಕರಗಿಸಬೇಕು, ಲೋಹದ ಪಾತ್ರೆ ಸಲ್ಲದು, ಬೆರೆಸಿದ ಮೇಲೆ ಹೊಳಪಿನ ಕಬ್ಬಿಣದ ಕತ್ತಿಯನ್ನು ಅದ್ದಿ ನೋಡಬೇಕು. ಅಲಗು ಕೆಂಪಗಾದರೆ ಸುಣ್ಣ ಸಾಲದೆಂದು ಅರ್ಥ. ಅನುಭವಿ ಕೃಷಿಕನೊಬ್ಬ ಇದನ್ನು ಸಾವಧಾನವಾಗಿ ಮಾಡಿ ತೋರಿಸಿದರೆ ನೋಡಿದವನು ತೋಟಕ್ಕೆ ಹೋಗಿ ಅದನ್ನೇ ಮಾಡಬಲ್ಲ.

ತೊಡಕು ಎಲ್ಲಿದೆಯೆಂದರೆ, ಈ ಹತ್ತು ನಿಮಿಷದ ಚಿತ್ರಕ್ಕೆ ಈಗ ಮಾರುಕಟ್ಟೆಯಲ್ಲಿ ಬೆಲೆ ಇಳಿಯುತ್ತಿದೆ. ಅರ್ಧ ನಿಮಿಷದ ತುಣುಕಿಗೆ ಬೇಡಿಕೆ. ಅರ್ಧ ನಿಮಿಷದಲ್ಲಿ ಮೈಲುತುತ್ತು ಕಾಣುತ್ತದೆ, ಸುಣ್ಣ ಕಾಣುತ್ತದೆ, ನೀಲಿ ಬಣ್ಣದ ದ್ರಾವಣ ಸೊಗಸಾಗಿ ಸುಳಿದಾಡುವುದೂ ಕಾಣುತ್ತದೆ. ಕತ್ತಿ ಅದ್ದುವ ಭಾಗ ಕತ್ತರಿಗೆ ಬಲಿಯಾಗುತ್ತದೆ, ಏಕೆಂದರೆ ಅಲ್ಲಿ ಒಂದಿಷ್ಟು ಹೊತ್ತು ಕಾಯಬೇಕು, ಕಾಯುವುದನ್ನು ನೋಡಲು ಯಾರಿಗೂ ತಾಳ್ಮೆಯಿಲ್ಲ. ಎಲೆಚುಕ್ಕಿ ರೋಗ, ಸುಳ್ಯದ ತೋಟಗಳನ್ನು ದಶಕಗಳಿಂದ ಬಾಧಿಸುತ್ತಿರುವ ಹಳದಿ ಎಲೆ ರೋಗ, ಇವುಗಳಿಗೆ ಒಂದೇ ಸಿಂಪಡಣೆಯಲ್ಲಿ ಪರಿಹಾರವೆಂದು ಸಾರುವ ತುಣುಕುಗಳೂ ಇದೇ ಹಾದಿಯಲ್ಲಿ ಮನೆಯೊಳಗೆ ಬರುತ್ತವೆ. ಸಾಲ ಮಾಡಿ ಮದ್ದು ಕೊಳ್ಳುವವನು ರೈತ. ತುಣುಕು ಮಾಡಿದವನಿಗೆ ನಷ್ಟವೇನೂ ಇಲ್ಲ.

ಈ ಬದಲಾವಣೆ ಬಂದ ಬಗೆಯನ್ನು ಕಾಲಕ್ರಮದಲ್ಲಿ ನೆನೆಯೋಣ. ಯೂಟ್ಯೂಬ್ ಆರಂಭವಾದದ್ದು ೨೦೦೫ರಲ್ಲಿ. ಆದರೆ ನಮ್ಮ ಹಳ್ಳಿಗಳಿಗೆ ಅದು ನಿಜವಾಗಿ ತಲುಪಿದ್ದು ೨೦೧೬ರ ಸೆಪ್ಟೆಂಬರಿನಲ್ಲಿ ಜಿಯೋ ಸೇವೆ ಬಂದು ಅಂತರಜಾಲದ ದರ ಕುಸಿದ ಮೇಲೆ. ಟಿಕ್‌ಟಾಕ್ ಎಂಬುದು ಹಳ್ಳಿಯ ಹುಡುಗ ಹುಡುಗಿಯರನ್ನು ತುಣುಕುಗಳ ರುಚಿಗೆ ಒಗ್ಗಿಸಿತು. ಕೇಂದ್ರ ಸರ್ಕಾರ ೨೦೨೦ರ ಜೂನ್ ೨೯ರಂದು ಅದನ್ನು ನಿಷೇಧಿಸಿತು. ರುಚಿ ಮಾತ್ರ ಹೋಗಲಿಲ್ಲ. ಮುಂದಿನ ತಿಂಗಳಲ್ಲೇ ಇನ್‌ಸ್ಟಾಗ್ರಾಮಿನ ರೀಲ್ಸ್, ಸೆಪ್ಟೆಂಬರಿನಲ್ಲಿ ಯೂಟ್ಯೂಬಿನ ಶಾರ್ಟ್ಸ್ ನಮ್ಮ ದೇಶಕ್ಕೆ ಬಂದವು. ಕೊರೋನಾ ಕಾರಣದಿಂದ ಜನ ಮನೆಯಲ್ಲಿ ಕುಳಿತಿದ್ದ ವರ್ಷ ಅದು. ಯಕ್ಷಗಾನದ ಮೇಳಗಳು ತಿರುಗಾಟ ನಿಲ್ಲಿಸಿದ್ದವು, ಕಲಾವಿದರು ಪ್ರೇಕ್ಷಕರಿಲ್ಲದ ಅಂಗಳದಲ್ಲಿ ಕ್ಯಾಮೆರಾದ ಮುಂದೆ ಕುಣಿದರು, ತಾಳಮದ್ದಳೆಯ ಅರ್ಥಧಾರಿಗಳು ಕ್ಯಾಮೆರಾಕ್ಕೆ ಅರ್ಥ ಹೇಳಿದರು.

ಚಿತ್ರದ ಆಕಾರವೂ ಬದಲಾಯಿತು. ಸಿನಿಮಾದ ತೆರೆ ಅಡ್ಡಲಾಗಿ ಹರಡಿದ್ದು. ಗದ್ದೆ, ಗುಡ್ಡ, ಜನಸಮೂಹ ಅದರಲ್ಲಿ ತುಂಬಿಕೊಳ್ಳುತ್ತಿದ್ದವು. ಕೈಫೋನಿನ ಚಿತ್ರ ನೆಟ್ಟಗೆ ನಿಂತದ್ದು. ಅದರಲ್ಲಿ ಒಬ್ಬ ವ್ಯಕ್ತಿ ಸರಿಯಾಗಿ ಹಿಡಿಸುತ್ತಾನೆ, ಪಕ್ಕದವನಿಗೆ ಜಾಗವಿಲ್ಲ. ಮದುವೆಯ ವೀಡಿಯೋ ತೆಗೆಯುವವರು ಮೊದಲು ಮೂರು ಗಂಟೆಯ ಕ್ಯಾಸೆಟ್ ಕೊಡುತ್ತಿದ್ದರು. ಅದರಲ್ಲಿ ಊಟದ ಪಂಕ್ತಿಯ ಪ್ರತಿಯೊಬ್ಬ ಅಜ್ಜನೂ ಇರುತ್ತಿದ್ದ. ಈಗ ದೊಡ್ಡ ಕ್ಯಾಮೆರಾದವನಲ್ಲದೆ ರೀಲ್ಸಿಗೆಂದೇ ಇನ್ನೊಬ್ಬ ಬರುತ್ತಾನೆ, ಮೇಲೆ ಡ್ರೋನ್ ಹಾರುತ್ತದೆ, ಮಧ್ಯಾಹ್ನದ ಊಟ ಮುಗಿಯುವುದರೊಳಗೆ ತುಣುಕು ಎಲ್ಲರ ಫೋನಿಗೂ ಬರುತ್ತದೆ. ಅಜ್ಜಂದಿರು ಅದರಲ್ಲಿ ಇರುವುದಿಲ್ಲ. ಮಾಂಗಲ್ಯಧಾರಣೆಯನ್ನು ಚಿತ್ರಕ್ಕಾಗಿ ಎರಡನೆಯ ಸಲ ಮಾಡಿಸುವುದನ್ನು ನಮ್ಮ ಕಡೆಯ ಕಲ್ಯಾಣಮಂಟಪಗಳಲ್ಲಿಯೂ ಕಂಡಿದ್ದೇವೆ. ಅಕ್ಷತೆ ಹಿಡಿದು ನಿಂತ ಹಿರಿಯರು ಮೊದಲನೆಯದಕ್ಕೆ ಹಾಕಬೇಕೋ ಎರಡನೆಯದಕ್ಕೋ ತಿಳಿಯದೆ ಪಿಳಿಪಿಳಿ ನೋಡುತ್ತಾರೆ.

ಇನ್ನು ಆ ಲೆಕ್ಕಾಚಾರ. ಯೂಟ್ಯೂಬಿನ ಜಾಹೀರಾತು ಹಣದಲ್ಲಿ ಪಾಲು ಪಡೆಯಬೇಕಾದರೆ ಚಾನೆಲ್ಲಿಗೆ ಒಂದು ಸಾವಿರ ಚಂದಾದಾರರಿರಬೇಕು. ಅದರ ಜೊತೆಗೆ ಹಿಂದಿನ ಹನ್ನೆರಡು ತಿಂಗಳಲ್ಲಿ ಅದರ ದೀರ್ಘ ಚಿತ್ರಗಳನ್ನು ಜನರು ೪,೦೦೦ ಗಂಟೆ ನೋಡಿರಬೇಕು, ಇಲ್ಲವೇ ೯೦ ದಿನಗಳಲ್ಲಿ ಶಾರ್ಟ್ಸ್ ತುಣುಕುಗಳನ್ನು ಒಂದು ಕೋಟಿ ಸಲ ನೋಡಿರಬೇಕು. ಮೊದಲನೆಯ ದಾರಿ ಅಷ್ಟೇನೂ ದುರ್ಗಮವಲ್ಲ. ನಲವತ್ತು ನಿಮಿಷದ ತಾಳಮದ್ದಳೆಯ ಭಾಗವೊಂದನ್ನು ಆರು ಸಾವಿರ ಜನ ಪೂರ್ತಿಯಾಗಿ ನೋಡಿದರೆ ನಾಲ್ಕು ಸಾವಿರ ಗಂಟೆ ತುಂಬುತ್ತದೆ. ಎರಡನೆಯ ದಾರಿಯನ್ನು ನೋಡಿರಿ. ೨೦೧೧ರ ಜನಗಣತಿಯಂತೆ ತುಳುವನ್ನು ತಾಯ್ನುಡಿಯೆಂದು ಹೇಳಿಕೊಂಡವರು ಸುಮಾರು ೧೮.೫ ಲಕ್ಷ. ಹಸುಗೂಸಿನಿಂದ ಹಿಡಿದು ಅಷ್ಟೂ ಜನ ಮೂರು ತಿಂಗಳಲ್ಲಿ ಐದೈದು ಸಲ ನೋಡಿದರೂ ಒಂದು ಕೋಟಿ ತುಂಬದು. ಅರೆಭಾಷೆಯವರ ಸಂಖ್ಯೆಯಂತೂ ಇದರ ಸಣ್ಣದೊಂದು ಅಂಶ. ಹೀಗಾಗಿ ತುಣುಕಿನ ಮೂಲಕ ಬದುಕಬಯಸುವ ಸುಳ್ಯದ ಹುಡುಗನಿಗೆ ಉಳಿಯುವ ಉಪಾಯವೆಂದರೆ ಭಾಷೆಯೇ ಬೇಡದ ಚಿತ್ರ: ಕುಣಿತ, ಬೀಳುವುದು, ಏಳುವುದು, ಮುಖ ಸೊಟ್ಟಗೆ ಮಾಡುವುದು. ಯಾವ ಸಾಧನ ಸಣ್ಣ ನುಡಿಗಳಿಗೆ ಬಾಯಿ ಕೊಟ್ಟಿತೋ ಅದೇ ಸಾಧನ ಅವನನ್ನು ನುಡಿಯಿಂದ ಆಚೆಗೆ ನೂಕುತ್ತದೆ.

ಆದರೂ ಬಾಯಿ ಕೊಟ್ಟದ್ದು ಸುಳ್ಳಲ್ಲ. ತುಳುವಿನ ಮೊದಲ ಚಲನಚಿತ್ರ ‘ಎನ್ನ ತಂಗಡಿ’ ತೆರೆಗೆ ಬರಲು ೧೯೭೧ರ ತನಕ ಕಾಯಬೇಕಾಯಿತು. ಇಂದು ಅರೆಭಾಷೆಯಲ್ಲಿ, ಹವ್ಯಕ ಕನ್ನಡದಲ್ಲಿ ಹಾಡು, ಹಾಸ್ಯ, ಕಿರುಚಿತ್ರ ಮಾಡುವವರು ಯಾವ ಹಂಚಿಕೆದಾರನ ಬಾಗಿಲಲ್ಲಿಯೂ ನಿಲ್ಲಬೇಕಿಲ್ಲ. ಪುತ್ತೂರು ಮಹಾಲಿಂಗೇಶ್ವರನ ಜಾತ್ರೆಯಲ್ಲಿ ಏಪ್ರಿಲ್ ೧೭ರ ಬ್ರಹ್ಮರಥೋತ್ಸವವನ್ನು, ‘ಪುತ್ತೂರ ಬೆಡಿ’ ಎಂದು ಹೆಸರಾದ ಸಿಡಿಮದ್ದಿನ ಸೇವೆಯನ್ನು ಮುಂಬಯಿಯಲ್ಲಿರುವ, ಕೊಲ್ಲಿನಾಡಿನಲ್ಲಿರುವ ಮಕ್ಕಳು ಆ ಕ್ಷಣದಲ್ಲೇ ನೋಡುತ್ತಾರೆ. ೨೦೨೧ರ ಜೂನಿನಲ್ಲಿ ಸುಳ್ಯ ತಾಲೂಕಿನ ಗುತ್ತಿಗಾರಿನ ಬಳಿಯ ಬಳ್ಳಕದಲ್ಲಿ ವಿದ್ಯಾರ್ಥಿನಿಯೊಬ್ಬಳು ಮನೆಯಲ್ಲಿ ಸಿಗ್ನಲ್ ಇಲ್ಲದೆ ರಸ್ತೆಬದಿಯಲ್ಲಿ ಕುಳಿತು ಪಾಠ ಕೇಳುತ್ತಿದ್ದಳು. ಸುರಿಯುವ ಮಳೆಯಲ್ಲಿ ತಂದೆ ಕೊಡೆ ಹಿಡಿದು ನಿಂತಿದ್ದರು. ಆ ಒಂದು ಛಾಯಾಚಿತ್ರ ಸಾಮಾಜಿಕ ಜಾಲತಾಣಗಳಲ್ಲಿ ದೇಶವನ್ನೆಲ್ಲ ಸುತ್ತಿತು. ಗುಡ್ಡಗಾಡಿನ ಮಕ್ಕಳ ಸಂಕಟವನ್ನು ಅದು ತಿಳಿಸಿದಷ್ಟು ಬೇಗ ಯಾವ ಮನವಿಪತ್ರವೂ ತಿಳಿಸಿರಲಾರದು.

ದೊಡ್ಡ ತೆರೆಯ ಸಿನಿಮಾ ಕೂಡ ಈ ಪುಟ್ಟ ತೆರೆಯ ಆಶ್ರಯಕ್ಕೆ ಬಂದಿದೆ. ಪವನ್ ಕುಮಾರ್ ಅವರ ‘ಲೂಸಿಯಾ’ (೨೦೧೩) ಚಿತ್ರಕ್ಕೆ ನಿರ್ಮಾಪಕರು ದೊರೆಯದಿದ್ದಾಗ ಅಂತರಜಾಲದ ಮೂಲಕ ಪ್ರೇಕ್ಷಕರೇ ಸುಮಾರು ಐವತ್ತು ಲಕ್ಷ ರೂಪಾಯಿ ಕೂಡಿಸಿಕೊಟ್ಟರು. ೨೦೨೫ರ ಜುಲೈ ೨೫ರಂದು ಬಿಡುಗಡೆಯಾದ ‘ಸು ಫ್ರಮ್ ಸೋ’ ಚಿತ್ರದ ಕಥೆ ಕರಾವಳಿಯ ಒಂದು ಹಳ್ಳಿಯದು, ನಿರ್ದೇಶಕ ಜೆ. ಪಿ. ತುಮಿನಾಡು ಗಡಿನಾಡು ಕಾಸರಗೋಡಿನ ಕಡೆಯವರು. ಹೆಸರಾಂತ ತಾರೆಗಳ ಬಲವಿಲ್ಲದ ಚಿತ್ರ. ಬಿಡುಗಡೆಗೆ ಮೊದಲೇ ಕೆಲವು ಊರುಗಳಲ್ಲಿ ಪ್ರದರ್ಶನ ಏರ್ಪಡಿಸಿದರು, ನೋಡಿದವರು ಜಾಲತಾಣಗಳಲ್ಲಿ ಬರೆದರು, ಜನ ಮುಗಿಬಿದ್ದರು. ಗಳಿಕೆ ನೂರು ಕೋಟಿ ದಾಟಿತೆಂದು ಪತ್ರಿಕೆಗಳು ಬರೆದವು. ೧೯೯೯ರ ‘ಉಪೇಂದ್ರ’ ಚಿತ್ರದ ಹಾಡೊಂದು ೨೦೨೪ರ ಆರಂಭದಲ್ಲಿ ರೀಲ್ಸ್‌ಗಳ ದೆಸೆಯಿಂದ ಮತ್ತೆ ಎಲ್ಲರ ಬಾಯಿಗೆ ಬಂದದ್ದು ಇನ್ನೊಂದು ವಿಚಿತ್ರ.

ಈಗ ಈ ಸೀಮೆಯಲ್ಲಿ ಎಲ್ಲಕ್ಕಿಂತ ಹೆಚ್ಚು ನೋವಿಗೆ ಕಾರಣವಾಗಿರುವ ವಿಷಯಕ್ಕೆ ಬರುತ್ತೇವೆ. ತುಳುನಾಡಿನ ದೈವಾರಾಧನೆ ನಮ್ಮ ಬಯಲುಸೀಮೆಯ ಆಚರಣೆಗಳಿಗಿಂತ ಭಿನ್ನವಾದುದು. ನೇಮ, ಕೋಲಗಳು ಬಹುತೇಕ ರಾತ್ರಿಯವು. ನಲಿಕೆ, ಪರವ, ಪಂಬದ ಮೊದಲಾದ ಸಮುದಾಯಗಳವರು ದೈವದ ನರ್ತಕರು. ಎಣ್ಣೆಬೂಳ್ಯ ಪಡೆದು, ಮಿಂದು, ಮುಖಕ್ಕೆ ಅರದಾಳ ಬಳಿದುಕೊಂಡು, ತೆಂಗಿನ ಸಿರಿಯನ್ನು ಉಟ್ಟು, ಪಾಡ್ದನದ ನಡುವೆ ಅಪ್ಪಣೆ ಪಡೆದು ಗಗ್ಗರ ಕಟ್ಟುತ್ತಾರೆ. ಅನಂತರ ಊರಿನ ವ್ಯಾಜ್ಯ, ಮನೆಯ ದುಃಖ ಎಲ್ಲವೂ ದೈವದ ಮುಂದೆ ಬರುತ್ತವೆ, ದೈವ ನುಡಿ ಕೊಡುತ್ತದೆ. ಹಗಲಿನಲ್ಲಿ ಅಂಗಳದ ಅಂಚಿನಲ್ಲಿ ನಿಲ್ಲಬೇಕಾಗಿದ್ದವನ ಮುಂದೆ ರಾತ್ರಿ ಇಡೀ ಊರು ಕೈಮುಗಿದು ನಿಲ್ಲುತ್ತದೆ. ಗಂಟೆಗಟ್ಟಲೆ ನಿಧಾನವಾಗಿ ಏರುವ ಕ್ರಿಯೆ ಅದು.

ತುಣುಕು ಮಾಡುವವನಿಗೆ ಪಾಡ್ದನ ಬೇಡ, ನುಡಿ ಬೇಡ. ಬೆಂಕಿ ಬೇಕು, ಅಬ್ಬರ ಬೇಕು, ಕೂಗು ಬೇಕು. ನೂರಾರು ಫೋನುಗಳು ಮೇಲೆದ್ದು ದೊಂದಿಯ ಬೆಳಕಿನಲ್ಲಿ ನಡೆಯಬೇಕಾದುದು ಫೋನಿನ ಬೆಳಕಿನಲ್ಲಿ ನಡೆಯುತ್ತದೆ. ೨೦೨೨ರ ಸೆಪ್ಟೆಂಬರ್ ೩೦ರಂದು ‘ಕಾಂತಾರ’ ಬಿಡುಗಡೆಯಾಗಿ ದೇಶವೆಲ್ಲ ನೋಡಿದ ಮೇಲೆ ಇದು ಇಮ್ಮಡಿಯಾಯಿತು. ದೈವದ ವೇಷ ಹಾಕಿಕೊಂಡು, ಮುಖಕ್ಕೆ ಬಣ್ಣ ಬಳಿದುಕೊಂಡು, ಆ ಕೂಗನ್ನು ಅನುಕರಿಸಿ ಮಾಡಿದ ರೀಲ್ಸ್‌ಗಳು ಎಲ್ಲೆಲ್ಲಿಯೂ ಹರಿದಾಡಿದವು. ಚಿತ್ರದ ನಿರ್ದೇಶಕ ರಿಷಬ್ ಶೆಟ್ಟಿಯವರೇ ಅನುಕರಣೆ ಬೇಡವೆಂದು ಕೇಳಿಕೊಂಡರು. ೨೦೨೫ರ ಅಕ್ಟೋಬರ್ ೨ರಂದು ‘ಕಾಂತಾರ: ಅಧ್ಯಾಯ ೧’ ಬಂದಾಗ ಚಿತ್ರಮಂದಿರಗಳಿಗೇ ದೈವದ ವೇಷದಲ್ಲಿ ಬಂದವರಿದ್ದರು, ನಿರ್ಮಾಣ ಸಂಸ್ಥೆ ಮತ್ತೊಮ್ಮೆ ಬಹಿರಂಗ ಮನವಿ ಮಾಡಬೇಕಾಯಿತು. ಈಗ ಅನೇಕ ದೈವಸ್ಥಾನಗಳಲ್ಲಿ ಚಿತ್ರೀಕರಣಕ್ಕೆ ನಿಷೇಧವೆಂಬ ಫಲಕ ಕಾಣುತ್ತದೆ.

ಸಿನಿಮಾದಲ್ಲಿ ದೈವವನ್ನು ತೋರಿಸಬಹುದೇ ಎಂಬ ಬಗೆಗೆ ತುಳುವರಲ್ಲಿಯೇ ಭಿನ್ನಾಭಿಪ್ರಾಯವಿದೆ; ಹೊರಗಿನವರಾದ ನಾವು ಅದರಲ್ಲಿ ತೀರ್ಪು ಹೇಳುವುದು ಸಲ್ಲದು. ಆದರೆ ಒಂದು ವ್ಯತ್ಯಾಸ ನಮಗೆ ಸ್ಪಷ್ಟವಾಗಿ ತೋರುತ್ತದೆ. ಸಿನಿಮಾಕ್ಕೆ ೧೯೫೨ರ ಚಲನಚಿತ್ರ ಕಾಯಿದೆಯಂತೆ ಪ್ರಮಾಣಪತ್ರ ಬೇಕು, ತೆಗೆದವರ ಹೆಸರು ತೆರೆಯ ಮೇಲಿರುತ್ತದೆ, ಆಕ್ಷೇಪವಿದ್ದವರು ಅವರ ಬಾಗಿಲಿಗೆ ಹೋಗಿ ಕೇಳಬಹುದು. ತುಣುಕಿಗೆ ಇವಾವುವೂ ಇಲ್ಲ. ಗಗ್ಗರ ಕಟ್ಟಿದ ಆ ಬಡವನನ್ನು ಯಾರೂ ಕೇಳುವುದಿಲ್ಲ. ಅವನ ಕುಲದ ಸೊತ್ತಾದ ಕಲೆ ಬೇರೊಬ್ಬನ ಫೋನಿನಲ್ಲಿ ಲಕ್ಷ ಜನರ ವಿನೋದವಾಗುತ್ತದೆ. ಮರುದಿನ ಬೆಳಿಗ್ಗೆ ಅವನು ಮತ್ತೆ ಕೂಲಿಗೆ ಹೋಗುತ್ತಾನೆ.

ದಾಖಲೆಯೇ ತಪ್ಪೆಂದು ಇದರ ಅರ್ಥವಲ್ಲ. ಪಕ್ಕದ ಬೆಳ್ತಂಗಡಿ ತಾಲೂಕಿನ ಮಾಚಾರಿನ ಗೋಪಾಲ ನಾಯ್ಕರು ಹಾಡುತ್ತಿದ್ದ ಸಿರಿ ಪಾಡ್ದನವನ್ನು ಫಿನ್‌ಲೆಂಡಿನ ವಿದ್ವಾಂಸ ಲೌರಿ ಹಾಂಕೋ ಅವರು ನಮ್ಮ ಬಿ. ಎ. ವಿವೇಕ ರೈ ಹಾಗೂ ಕೆ. ಚಿನ್ನಪ್ಪ ಗೌಡರೊಡನೆ ೧೯೯೦ರ ಡಿಸೆಂಬರಿನಲ್ಲಿ ಧ್ವನಿಮುದ್ರಿಸಿಕೊಂಡರು. ಆರು ದಿನ ಬೇಕಾಯಿತು, ೧೫,೬೮೩ ಸಾಲುಗಳಾದವು. ೧೯೯೮ರಲ್ಲಿ ಅದು ಗ್ರಂಥವಾಗಿ ಪ್ರಕಟವಾದಾಗ ಅದರ ಹೆಸರಿನಲ್ಲಿಯೇ ಗೋಪಾಲ ನಾಯ್ಕರ ಹೆಸರಿತ್ತು. ಅಲ್ಲಿಯೂ ಯಂತ್ರವಿತ್ತು. ಆದರೆ ಯಂತ್ರವನ್ನು ಹಿಡಿದವರು ಹಾಡುಗಾರ ನಿಲ್ಲಿಸುವ ತನಕ ಕುಳಿತರು.

ನಮ್ಮ ಮಠಮಾನ್ಯಗಳ ಸ್ಥಿತಿಯೂ ಇದಕ್ಕಿಂತ ಬೇರೆಯೇನಲ್ಲ. ಒಂದೂವರೆ ಗಂಟೆಯ ಪ್ರವಚನದಿಂದ ನಲವತ್ತು ಸೆಕೆಂಡನ್ನು ಕತ್ತರಿಸಿ ಹರಿಯಬಿಡುತ್ತಾರೆ. ದೃಷ್ಟಾಂತವಾಗಿ ಹೇಳಿದ ನಗೆಮಾತು ಉಳಿಯುತ್ತದೆ, ಯಾವುದಕ್ಕೆ ದೃಷ್ಟಾಂತವೋ ಅದು ಹೋಗುತ್ತದೆ. ಪ್ರವಚನಕಾರರಲ್ಲಿಯೂ ಕೆಲವರು ಈಗ ಕತ್ತರಿಗೆ ಅನುಕೂಲವಾಗುವಂತೆ ಮಾತನಾಡುವುದನ್ನು ಕಲಿತಿದ್ದಾರೆ. ಇದು ಹೇಳಬಾರದ ಮಾತೇನೋ, ಆದರೆ ನಿಜ.

ಮನೆಯ ತಾಯಂದಿರಿಗೆ ಇನ್ನೊಂದು ಮಾತು. ಮಕ್ಕಳು ಅಳುವುದು, ಸ್ನಾನ ಮಾಡುವುದು, ಪರೀಕ್ಷೆಯಲ್ಲಿ ಸೋತು ಮುಖ ಬಾಡಿಸಿಕೊಳ್ಳುವುದು ಇವೆಲ್ಲ ಜಾಲತಾಣಕ್ಕೆ ಹೋಗುತ್ತಿವೆ. ೨೦೨೩ರ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ ಹದಿನೆಂಟು ತುಂಬದವರ ಮಾಹಿತಿಗೆ ಪಾಲಕರ ಒಪ್ಪಿಗೆ ಬೇಕೆನ್ನುತ್ತದೆ. ಪಾಲಕರೇ ಹಾಕಿದರೆ ಕೇಳುವವರು ಯಾರು? ಅದೇ ೨೦೨೩ರ ನವೆಂಬರಿನಲ್ಲಿ ಕೊಡಗಿನವರಾದ ನಟಿ ರಶ್ಮಿಕಾ ಮಂದಣ್ಣ ಅವರ ಮುಖವನ್ನು ಬೇರೊಬ್ಬ ಹೆಣ್ಣುಮಗಳ ವೀಡಿಯೋಕ್ಕೆ ಜೋಡಿಸಿ ಹರಿಯಬಿಟ್ಟ ಪ್ರಕರಣ ದೇಶವನ್ನು ಬೆಚ್ಚಿಬೀಳಿಸಿತು. ಹೆಸರಾಂತ ನಟಿಗೆ ನ್ಯಾಯ ಕೇಳುವ ಶಕ್ತಿಯಾದರೂ ಇತ್ತು.

ಫೋನನ್ನು ಕಸಿದುಕೊಳ್ಳಿರೆಂದು ನಾವು ಹೇಳುವುದಿಲ್ಲ. ಅದು ಆಗುವ ಮಾತೂ ಅಲ್ಲ. ರಜೆಯಲ್ಲಿ ಮಕ್ಕಳಿಗೆ ಒಂದು ಕೆಲಸ ಕೊಟ್ಟು ನೋಡಿರಿ. ಮನೆಯಲ್ಲಿ ಬೀಸುಕಲ್ಲಿನ ಪದ ಬಲ್ಲ ಅಜ್ಜಿಯಿದ್ದರೆ, ಮೊದಲು ಅವರ ಅಪ್ಪಣೆ ಕೇಳಿ, ಫೋನನ್ನು ಅಡ್ಡವಾಗಿ ಇಟ್ಟು, ಹಾಡು ತಾನಾಗಿ ಮುಗಿಯುವ ತನಕ ಮುದ್ರಿಸಲಿ. ಫ್ಯಾನು ನಿಲ್ಲಿಸಿರಬೇಕು, ಅದರ ಸದ್ದು ಹಾಡನ್ನು ನುಂಗುತ್ತದೆ. ಕೊನೆಯಲ್ಲಿ ಅಜ್ಜಿಯ ಹೆಸರು, ತವರೂರು, ಹಾಡು ಕಲಿಸಿದವರು ಯಾರು, ಮುದ್ರಿಸಿದ ದಿನ ಯಾವುದು ಎಂಬುದನ್ನು ಅವರ ಬಾಯಿಂದಲೇ ಹೇಳಿಸಿ, ಒಂದು ನೋಟುಪುಸ್ತಕದಲ್ಲಿಯೂ ಬರೆದಿಡಲಿ. ಫೋನು ಕೆಟ್ಟರೆ ಎಲ್ಲವೂ ಹೋಗುವುದರಿಂದ ಬೇರೆ ಎರಡು ಕಡೆ ಪ್ರತಿ ಇರಲಿ. ಜಾಲತಾಣಕ್ಕೆ ಹಾಕಬೇಕೋ ಬೇಡವೋ ಎಂಬುದನ್ನು ಅಜ್ಜಿಯನ್ನೇ ಕೇಳಿರಿ.